ಶುಕ್ರದ ನೀರಿಗೆ ಸಾಕ್ಷಿ ಯಾರು?

ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಶುಕ್ರ ಗ್ರಹದಲ್ಲಿ ಹಿಂದೆ ಸಾಗರ ಇದ್ದಿರಬಹುದು ಅಂತ ಬರೆದಿದ್ದೀರಿ. ಈಗ ಅಲ್ಲಿ ಸೀಸ ಕರಗುವಷ್ಟು ಬಿಸಿ. ನೋಡಿದವರು ಯಾರು? ನಮ್ಮ ಇಸ್ರೋದವರು ಇಂಥದ್ದನ್ನು ಅಳೆಯಲು ಹೋಗಿದ್ದಾರೆಯೇ?”

ಮೇಷ್ಟ್ರೇ, ನೋಡಿದವರು ಯಾರೂ ಇಲ್ಲ. ಆದರೆ ಅಲ್ಲಿ ಚೂರುಪಾರು ನೀರಾವಿ ಇನ್ನೂ ಉಳಿದಿದೆ. ಸಾಕ್ಷಿ ಅದೇ.

ಹೈಡ್ರೋಜನ್ ಪರಮಾಣುಗಳಲ್ಲಿ ಕೆಲವು ಎರಡರಷ್ಟು ತೂಕದವು. ಇವೇ ಡ್ಯುಟೀರಿಯಂ. ನಮ್ಮ ಸಮುದ್ರದಲ್ಲಿ ಸುಮಾರು 6,400 ಹೈಡ್ರೋಜನ್‌ಗೆ ಇಂಥದ್ದು ಒಂದು. ಬಿಸಿಲಿನ ನೇರಳಾತೀತ ಕಿರಣ ನೀರಾವಿಯನ್ನು ಒಡೆದಾಗ ಹಗುರ ಹೈಡ್ರೋಜನ್ ಬೇಗ ಬಾಹ್ಯಾಕಾಶಕ್ಕೆ ಹಾರಿಹೋಗುತ್ತದೆ. ಭಾರದ್ದು ಹಿಂದೆ ಉಳಿಯುತ್ತದೆ. ಕಣದಲ್ಲಿ ರಾಶಿ ತೂರಿದ ಹಾಗೆ. ಹಾಗಾಗಿ ಡ್ಯುಟೀರಿಯಂ ಪಾಲು ಜಾಸ್ತಿ ಇದ್ದರೆ ನೀರು ಬಹಳ ಹೋಗಿದೆ ಅಂತ ಅರ್ಥ.

ಶುಕ್ರದಲ್ಲಿ ಇದು ಸಿಕ್ಕಿದ್ದೇ ಒಂದು ಎಡವಟ್ಟಿನಿಂದ. 1978ರ ಡಿಸೆಂಬರ್ 9ರಂದು ನಾಸಾದ ಪಯೋನೀರ್ ವೀನಸ್‌ನ ದೊಡ್ಡ ಪ್ರೋಬ್ ಅಲ್ಲಿನ ಮೋಡಗಳೊಳಗೆ ಇಳಿಯಿತು. ಅದರಲ್ಲಿ ಅನಿಲದ ಕಣಗಳನ್ನು ತೂಕದ ಪ್ರಕಾರ ಬೇರೆ ಮಾಡುವ ಮಾಸ್ ಸ್ಪೆಕ್ಟ್ರೋಮೀಟರ್ ಇತ್ತು. ಸುಮಾರು 50 ಕಿಲೋಮೀಟರ್ ಎತ್ತರದಲ್ಲಿ ಸಲ್ಫ್ಯೂರಿಕ್ ಆಸಿಡ್ ಹನಿ ಅದರ ಬಾಯಿಗೆ ಕಟ್ಟಿಕೊಂಡಿತು. ಗಾಳಿ ಒಳಗೆ ಬರುವುದು ಹೆಚ್ಚುಕಮ್ಮಿ ನಿಂತೇ ಹೋಯಿತು. ಕೆಳಗೆ, ಸುಮಾರು 28 ಕಿಲೋಮೀಟರ್‌ಗೆ ಬಂದಾಗ ಶಾಖಕ್ಕೆ ಹನಿ ಆರಿ ದಾರಿ ಬಿಟ್ಟಿತು. ಆ ಮಧ್ಯೆ ಉಪಕರಣದೊಳಗೆ ಹೋದದ್ದು ಆಸಿಡ್‌ನಲ್ಲಿದ್ದ ನೀರು! ಥಾಮಸ್ ಡೊನಾಹ್ಯೂ ತಂಡ ಆ ಅಂಕಿಗಳನ್ನು ಕೆದಕಿ 1982ರಲ್ಲಿ ಪ್ರಕಟಿಸಿತು: ಡ್ಯುಟೀರಿಯಂ ಪಾಲು ಭೂಮಿಯದಕ್ಕಿಂತ ಸುಮಾರು 100 ಪಟ್ಟು.

ಹಾಗಂತ ಸಾಗರ ಇತ್ತು ಅಂತ ಸಾಬೀತಾಯಿತಾ? ಇಲ್ಲ. ನಿಮ್ಮ ಅನುಮಾನಕ್ಕೆ ಬೆಲೆ ಇರುವುದು ಇಲ್ಲೇ. ಡ್ಯುಟೀರಿಯಂ ಒಂದಿಷ್ಟೂ ಹೋಗಿಲ್ಲ ಅಂದುಕೊಂಡರೆ, ಮೊದಲಿದ್ದ ನೀರು ಈಗಿನದರ 100 ಪಟ್ಟು ಅಷ್ಟೇ. ಅದು ನಮ್ಮ ಸಾಗರಗಳ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಡ್ಯುಟೀರಿಯಂ ಕೂಡ ಒಂದಿಷ್ಟು ಹೋಗಿದ್ದರೆ ಮೊದಲಿದ್ದ ನೀರು ಎಷ್ಟೋ ಜಾಸ್ತಿ. ಧೂಮಕೇತುಗಳು ಆಗಾಗ ನೀರು ತಂದು ಸುರಿದಿದ್ದರೆ ಲೆಕ್ಕ ಮತ್ತೆ ಬೇರೆ. ನೀರು ಹೋದದ್ದು ಖಚಿತ, ಎಷ್ಟು ಅನ್ನುವುದು ವಾದದ ವಿಷಯ. ನನ್ನ ಮಟ್ಟಿಗೆ “ಇದ್ದಿರಬಹುದು” ಅನ್ನುವುದೇ ಸರಿ. ನಾಸಾ ಯೋಜಿಸಿರುವ ಡಾವಿಂಚಿ ಪ್ರೋಬ್ ಇದನ್ನೇ ಇನ್ನೂ ನಿಖರವಾಗಿ ಅಳೆಯಬೇಕಿದೆ.

ಇನ್ನು ಇಸ್ರೋ ವಿಷಯ. ಶುಕ್ರಕ್ಕಲ್ಲ, ಮಂಗಳಕ್ಕೆ ಹೋಗಿದ್ದರು. 2013ರಲ್ಲಿ ಹಾರಿದ ಮಂಗಳಯಾನದಲ್ಲಿ ಲೈಮನ್ ಆಲ್ಫಾ ಫೋಟೋಮೀಟರ್ ಅಂತ ಸುಮಾರು ಎರಡು ಕಿಲೋದ ಉಪಕರಣವಿತ್ತು. ಬೆಂಗಳೂರಿನ ಪೀಣ್ಯದ ಲಿಯೋಸ್ ಪ್ರಯೋಗಾಲಯದ್ದು. ಅದರಲ್ಲಿ ಎರಡು ಪುಟ್ಟ ಕೋಶ: ಒಂದರಲ್ಲಿ ಹೈಡ್ರೋಜನ್, ಇನ್ನೊಂದರಲ್ಲಿ ಡ್ಯುಟೀರಿಯಂ. ಒಳಗಿನ ಟಂಗ್‌ಸ್ಟನ್ ತಂತಿ ಕಾದರೆ ಆ ಅನಿಲ ಪರಮಾಣುಗಳಾಗಿ ಒಡೆದು, ಮಂಗಳದಲ್ಲಿರುವ ಅದೇ ಜಾತಿಯ ಪರಮಾಣುಗಳಿಂದ ಬರುವ ಬೆಳಕನ್ನು ತಡೆಯುತ್ತದೆ. ತಂತಿ ಕಾದಾಗ ಬೆಳಕು ಎಷ್ಟು ಕಡಿಮೆಯಾಯಿತು ಅನ್ನುವುದರಿಂದ ಯಾವುದು ಎಷ್ಟಿದೆ ಅಂತ ಲೆಕ್ಕ ಹಾಕಬಹುದು. ಮಂಗಳದ ಗಾಳಿಯಲ್ಲಿ ಡ್ಯುಟೀರಿಯಂ ಪಾಲು ಭೂಮಿಯದರ ಐದಾರು ಪಟ್ಟು ಅಂತ ದೂರದರ್ಶಕಗಳಿಂದ ಮೊದಲೇ ಗೊತ್ತಿತ್ತು.