ಬಿಸಿನೀರಿನ ನಲ್ಲಿ ಜುಮ್ಮೆಂದಾಗ

ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಚಳಿಗಾಲದಲ್ಲಿ ಗೀಸರ್ ಕುರಿತು ಬಂದ ಪತ್ರಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇವೆ. ಮೂವರೂ ಹೆಸರು ಪ್ರಕಟಿಸುವುದು ಬೇಡವೆಂದಿದ್ದಾರೆ. ಮೊದಲ ಪತ್ರದಲ್ಲಿರುವ ದೋಷ ನಮ್ಮ ಕಡೆಯ ಅನೇಕ ಹಳೆಯ ಮನೆಗಳಲ್ಲಿ ಇರಬಹುದಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಮುಳಬಾಗಿಲಿನಲ್ಲಿ ಹಳೆಯ ಮನೆ. ಎರಡು ವರ್ಷದ ಹಿಂದೆ ಕಬ್ಬಿಣದ ಪೈಪುಗಳನ್ನೆಲ್ಲ ತೆಗೆಸಿ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಬಚ್ಚಲುಮನೆಯಲ್ಲಿ 25 ಲೀಟರಿನ ಗೀಸರ್ ಇದೆ. ಹದಿನೈದು ದಿನಗಳಿಂದ ಬಿಸಿನೀರಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಅತ್ತೆಯವರಿಗೆ ಸ್ನಾನ ಮಾಡಿಸುವಾಗ ಅವರೂ ಹಾಗೆಯೇ ಹೇಳಿದರು. ಎಲೆಕ್ಟ್ರಿಷಿಯನ್ ಬಂದು ನೋಡಿ, ಕಾಯಿಲ್ ಬದಲಿಸಿದರೆ ಸರಿಹೋಗುತ್ತದೆ, ಅಲ್ಲಿಯವರೆಗೆ ರಬ್ಬರ್ ಚಪ್ಪಲಿ ಮೆಟ್ಟಿಕೊಂಡು, ನೀರು ಕಾದ ಮೇಲೆ ಸ್ವಿಚ್ ಆರಿಸಿ ಸ್ನಾನ ಮಾಡಿ ಎಂದರು. ಹಾಗೆ ಮಾಡಬಹುದೇ? ಗೀಸರಿನ ಕೆಳಗಿನ ವಾಲ್ವ್‌ನಿಂದ ನೀರೂ ತೊಟ್ಟಿಕ್ಕುತ್ತಿದೆ. ಅದಕ್ಕೊಂದು ಬಿರಡೆ ಹಾಕಿಸೋಣ ಎಂದು ನಮ್ಮ ಯಜಮಾನರು ಹೇಳುತ್ತಾರೆ.

ಉತ್ತರ: ಹಾಗೆ ಖಂಡಿತ ಮಾಡಬೇಡಿ. ನಿಮ್ಮ ಪತ್ರ ಅಚ್ಚಿಗೆ ಹೋಗುವವರೆಗೆ ಕಾಯುವಂಥದ್ದಲ್ಲವಾದ್ದರಿಂದ ಅದು ತಲುಪಿದ ದಿನವೇ ದೂರವಾಣಿಯಲ್ಲಿ ತಿಳಿಸಿದ್ದೆವು. ಇಲ್ಲಿ ಮತ್ತೆ ಬರೆಯುತ್ತಿರುವುದು ಇದೇ ಸ್ಥಿತಿಯಲ್ಲಿರುವ ಇತರರಿಗಾಗಿ. ಗೀಸರ್ ಪೂರ್ತಿ ಸರಿಯಾಗುವವರೆಗೆ ಅತ್ತೆಯವರ ಸ್ನಾನಕ್ಕೆ ಒಲೆಯ ಮೇಲೆಯೇ ನೀರು ಕಾಯಿಸಿಕೊಳ್ಳಿ.

ಸ್ವಿಚ್ ಆರಿಸಿದರೆ ಗೀಸರಿನಲ್ಲಿ ವಿದ್ಯುತ್ ಇರುವುದಿಲ್ಲ ಎಂಬುದು ಎಲ್ಲ ಮನೆಗಳಲ್ಲೂ ನಿಜವಲ್ಲ. ಗೋಡೆಯ ಮೇಲಿನ ಸಾಧಾರಣ ಸ್ವಿಚ್ ಎರಡು ತಂತಿಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತದೆ. ವೈರಿಂಗ್ ಮಾಡಿದವರು ವಿದ್ಯುತ್ತು ತರುವ ಫೇಸ್ ತಂತಿಯ ಬದಲು ಅದು ಹಿಂದಿರುಗುವ ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಟ್ಟಿದ್ದರೆ, ಕೆಂಪು ದೀಪ ಆರಿ ನೀರು ಕಾಯುವುದು ನಿಂತರೂ 230 ವೋಲ್ಟ್ ಕಾಯಿಲ್‌ನಲ್ಲಿ ಹಾಗೆಯೇ ಉಳಿದಿರುತ್ತದೆ. ಆದ್ದರಿಂದ ಕೈ ಒಣಗಿಸಿಕೊಂಡು ಮೊದಲು ಮೇನ್ ಸ್ವಿಚ್ ಇಳಿಸಿ, ಆಮೇಲೆ ಗೀಸರಿನ ಪ್ಲಗ್ಗನ್ನು ಕಿತ್ತಿಡಿ. ಪ್ಲಗ್ ಇಲ್ಲದೆ ತಂತಿಯನ್ನು ನೇರವಾಗಿ ಜೋಡಿಸಿದ್ದರೆ ಎಲೆಕ್ಟ್ರಿಷಿಯನ್ ಬಂದು ಎರಡೂ ತಂತಿಗಳನ್ನು ಬಿಡಿಸಿ ಟೇಪು ಸುತ್ತಿಡುವವರೆಗೆ ಬಚ್ಚಲುಮನೆಯ ನಲ್ಲಿಗಳನ್ನು ಮುಟ್ಟಬೇಡಿ. ಇನ್ನು ಚಪ್ಪಲಿಯ ಮಾತು: ಒಂದು ಕೈ ನಲ್ಲಿಯ ಮೇಲೆ, ಇನ್ನೊಂದು ಒದ್ದೆ ಗೋಡೆಯ ಮೇಲೆ ಇದ್ದಾಗ ವಿದ್ಯುತ್ತು ಎದೆಯನ್ನು ಹಾದು ಹೋಗುತ್ತದೆ, ಕಾಲಿನಲ್ಲಿ ಏನಿದ್ದರೂ ಅದನ್ನು ತಡೆಯಲಾಗದು. ನೀರಿನಲ್ಲಿ ನೆನೆದ ಚರ್ಮ ವಿದ್ಯುತ್ತಿಗೆ ಒಡ್ಡುವ ತಡೆಯೂ ಬಹಳ ಕಡಿಮೆ. ಮೈಯಲ್ಲಿ ಹರಿಯುವ ವಿದ್ಯುತ್ತು 1 ಮಿಲಿಆಂಪಿಯರ್ ಆಸುಪಾಸಿನಲ್ಲಿದ್ದರೆ ಜುಮ್ಮೆನ್ನುತ್ತದೆ. 10 ದಾಟಿದರೆ ಸ್ನಾಯು ಸೆಟೆದು ಹಿಡಿದದ್ದನ್ನು ಬಿಡಲಾಗುವುದಿಲ್ಲ. 30 ದಾಟಿದರೆ ಹೃದಯದ ಬಡಿತವೇ ತಪ್ಪಬಹುದು. ಇಂದು ಜುಮ್ಮೆಂದ ನಲ್ಲಿ ನಾಳೆ ಎಷ್ಟು ವಿದ್ಯುತ್ತು ಹರಿಸುತ್ತದೆ ಎಂಬುದು ಕಾಯಿಲ್‌ನ ಬಿರುಕು ಎಷ್ಟು ಹಿಗ್ಗಿದೆ ಎಂಬುದನ್ನು ಅವಲಂಬಿಸಿರುತ್ತದೆ, ಆ ಬಿರುಕು ತಾನಾಗಿ ಕೂಡಿಕೊಳ್ಳುವಂಥದ್ದಲ್ಲ.

ನಿಮ್ಮ ಎಲೆಕ್ಟ್ರಿಷಿಯನ್ ಕಾಯಿಲ್ ಹೋಗಿದೆ ಎಂದದ್ದು ಬಹುಶಃ ಸರಿ, ಆದರೆ ಅದು ಅರ್ಧ ಮಾತ್ರ. ಕಾಯಿಲ್ ಎಂದರೆ ಲೋಹದ ಕೊಳವೆಯೊಳಗಿನ ಕಾಯುವ ತಂತಿ. ಎರಡರ ನಡುವೆ ಮೆಗ್ನೀಷಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಗಿಡಿದಿರುತ್ತಾರೆ. ಕೊಳವೆಬಾವಿಯ ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದಂಶ ಕೊಳವೆಯ ಮೇಲೆ ಪದರ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 600ರವರೆಗೆ ಒಪ್ಪಬಹುದು. ಆಳವಾದ ಕೊಳವೆಬಾವಿಯ ನೀರು ಬಳಸುವ ಮನೆಗಳ ಬಕೆಟ್ಟು, ನಲ್ಲಿಗಳ ಮೇಲಿನ ಬಿಳಿಯ ಕರೆಯನ್ನು ನೋಡಿದರೆ ಕಾಯಿಲ್‌ನ ಪಾಡು ಊಹಿಸಬಹುದು. ಪದರ ದಪ್ಪವಾದಂತೆ ಶಾಖ ನೀರಿಗೆ ಬೇಗ ಇಳಿಯದೆ ಕೊಳವೆಯೇ ಅತಿಯಾಗಿ ಕಾದು ಬಿರಿಯುತ್ತದೆ, ಪುಡಿಗೆ ನೀರು ತಾಗುತ್ತದೆ, ವಿದ್ಯುತ್ತು ನೀರಿಗೂ ಗೀಸರಿನ ಹೊರಮೈಗೂ ಸೋರಲು ತೊಡಗುತ್ತದೆ.

ಆದರೆ ಇಷ್ಟಕ್ಕೇ ನಿಮ್ಮ ಕೈ ಜುಮ್ಮೆನ್ನಬೇಕಾಗಿರಲಿಲ್ಲ. ಅರ್ಥಿಂಗ್ ಸರಿಯಾಗಿದ್ದರೆ ಸೋರಿದ ವಿದ್ಯುತ್ತು ಅರ್ಥ್ ತಂತಿಯ ಮೂಲಕ ನೆಲಕ್ಕೆ ಹೋಗುತ್ತಿತ್ತು. ಮೀಟರ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಸೋರಿಕೆ ಕಂಡೊಡನೆ ವಿದ್ಯುತ್ತು ಕಡಿಯುವ ಸ್ವಿಚ್, ಇದ್ದಿದ್ದರೆ ಸೋರಿಕೆ ಹೆಚ್ಚಿದೊಡನೆ ಅದು ಬಿದ್ದು ಗೀಸರ್ ನಿಂತುಹೋಗುತ್ತಿತ್ತು. ನಲ್ಲಿ ಜುಮ್ಮೆಂದಿದೆ ಎಂದರೆ ಸೋರಿಕೆ ಒಂದು ದೋಷ, ಅದನ್ನು ಹಿಡಿಯಬೇಕಾದ ಅರ್ಥಿಂಗ್ ಇಲ್ಲದಿರುವುದು ಎರಡನೆಯ ದೋಷ. ಪೈಪು ಬದಲಿಸಿದ ಸಂಗತಿಯನ್ನು ನೀವು ಬರೆದದ್ದು ಒಳ್ಳೆಯದಾಯಿತು. ನೆಲದೊಳಗೆ ಹಾದುಹೋಗುವ ಕಬ್ಬಿಣದ ಪೈಪು ಹಳೆಯ ಮನೆಗಳಲ್ಲಿ ಯಾರಿಗೂ ತಿಳಿಯದಂತೆ ಅರ್ಥ್ ತಂತಿಯ ಕೆಲಸವನ್ನೂ ಮಾಡುತ್ತಿತ್ತು. ಪ್ಲಾಸ್ಟಿಕ್ ಪೈಪು ಬಂದ ದಿನ ಆ ದಾರಿ ಮುಚ್ಚಿತು. ನಿಜವಾದ ಅರ್ಥ್ ತಂತಿ ಮೊದಲಿನಿಂದಲೂ ಕೆಟ್ಟಿದ್ದರೆ ಅದು ಗೊತ್ತಾಗುವುದು ಈಗಲೇ. ಹೊಸ ಕಾಯಿಲ್ ಹಾಕಿಸಿದರೆ ಜುಮ್ಮೆನ್ನುವುದು ನಿಲ್ಲುತ್ತದೆ, ನೀವೂ ನಿಶ್ಚಿಂತರಾಗುತ್ತೀರಿ, ಆದರೆ ಅದೇ ನೀರಿನಲ್ಲಿ ಅದೂ ಒಂದು ದಿನ ಬಿರಿದಾಗ ಕಾಯುವವರು ಯಾರೂ ಇರುವುದಿಲ್ಲ. ನನಗೆ ಹೆಚ್ಚು ಆತಂಕವಾಗುವುದು ಈ ಎರಡನೆಯ ದೋಷದ ಬಗ್ಗೆಯೇ.

ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ವೈರ್‌ಮನ್ ಒಬ್ಬರನ್ನು ಕರೆಸಿ. ಕಾಯಿಲ್‌ನ ತಂತಿಗಳನ್ನು ಬಿಡಿಸಿ 500 ವೋಲ್ಟಿನ ಮೆಗ್ಗರ್‌ನಿಂದ ಕಾಯಿಲ್ ಮತ್ತು ಹೊರಮೈ ನಡುವಿನ ತಡೆಯನ್ನು ಅಳೆಯಲು ಹೇಳಿ. 1 ಮೆಗಾಓಮ್‌ಗಿಂತ ಕೆಳಗೆ ಬಂದರೆ ಕಾಯಿಲ್ ಬದಲಿಸಲೇಬೇಕು. ಆಮೇಲೆ 16 ಆಂಪಿಯರ್ ಸಾಕೆಟ್ಟನ್ನು ಬಿಚ್ಚಿಸಿ, ಮೇಲಿನ ದಪ್ಪ ರಂಧ್ರಕ್ಕೆ ಹಸಿರು ತಂತಿ ನಿಜವಾಗಿ ಬಂದಿದೆಯೇ ಎಂದು ನಿಮ್ಮ ಕಣ್ಣಿನಿಂದಲೇ ನೋಡಿ. ಅರ್ಥ್ ತಂತಿ ಎಳೆಯುವ ಶ್ರಮ ಉಳಿಸಲು ಸಾಕೆಟ್ಟಿನೊಳಗೇ ಅದನ್ನು ನ್ಯೂಟ್ರಲ್‌ಗೆ ಸೇರಿಸಿಬಿಡುವವರಿದ್ದಾರೆ. ಹಾಗಿದ್ದಾಗ ಎಲ್ಲಾದರೂ ನ್ಯೂಟ್ರಲ್ ತುಂಡಾದರೆ ಗೀಸರಿನ ಹೊರಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಅರ್ಥಿಂಗನ್ನು ಬಲ್ಬು ಹಚ್ಚಿ ನೋಡುವ ರೂಢಿ ಇದೆ, ಆದರೆ ಅರ್ಥಿಂಗ್ ಸಾಕಷ್ಟು ದುರ್ಬಲವಾಗಿದ್ದರೂ ಬಲ್ಬು ಉರಿಯಬಲ್ಲದು. ಅರ್ಥ್ ಟೆಸ್ಟರ್‌ನಿಂದ ಅಳೆದು 5 ಓಮ್ ಒಳಗಿದೆ ಎಂದು ತೋರಿಸಿದರೆ ಮಾತ್ರ ಒಪ್ಪಿಕೊಳ್ಳಿ. ಒಣ ಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡದು. ಕೋಲಾರದ ಕಡೆಯ ಬೇಸಿಗೆಯಲ್ಲಿ ಮೇಲ್ಮಣ್ಣು ಬಿರಿದು ನಿಲ್ಲುತ್ತದೆಯಾದ್ದರಿಂದ, ಇದ್ದಿಲು, ಉಪ್ಪು ತುಂಬಿಸಿ ಮಾಡಿಸಿದ ಅರ್ಥ್ ಗುಂಡಿಯೂ ನೀರು ಕಾಣದೆ ನಿಷ್ಪ್ರಯೋಜಕವಾಗುತ್ತದೆ. ವಾರಕ್ಕೊಮ್ಮೆ ಅದಕ್ಕೆ ಎರಡು ಕೊಡ ನೀರು ಹಾಕಿ. ಆರ್‌ಸಿಸಿಬಿ ಇಲ್ಲದಿದ್ದರೆ ಈಗಲೇ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಿ. ಗುಂಡಿ ಒತ್ತಿದಾಗ ಬಿದ್ದಿತೆಂದರೆ ಆ ಸಾಧನ ಸರಿಯಿದೆ ಎಂದಷ್ಟೇ ಅರ್ಥ, ಅರ್ಥಿಂಗ್ ಸರಿಯಿದೆ ಎಂದಲ್ಲ.

ಗೀಸರಿನ ಪ್ಲಗ್ ಕಿತ್ತ ಮೇಲೂ ಟೆಸ್ಟರ್ ಇಟ್ಟಾಗ ನಲ್ಲಿಯಲ್ಲಿ ದೀಪ ಹತ್ತಿದರೆ ಮೂಲ ಬೇರೆಡೆ ಇದೆ. ಸಂಪಿನ ಮೋಟಾರನ್ನು ಮೊದಲು ಅನುಮಾನಿಸಿ. ಕಂಬದಿಂದ ಬರುವ ನ್ಯೂಟ್ರಲ್ ಸಡಿಲವಾಗಿರುವ ಶಂಕೆ ಇದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.

ವಾಲ್ವ್‌ಗೆ ಬಿರಡೆ ಹಾಕಿಸುವ ಯೋಚನೆಯನ್ನು ದಯವಿಟ್ಟು ಯಜಮಾನರು ಕೈಬಿಡಲಿ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದಾಗ ಹಿಗ್ಗಿ ಸುಮಾರು ಲೀಟರಿನ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಹಿಂದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಆ ನೀರು ಹೊರಬರಬೇಕಾದದ್ದು ಈ ಸೇಫ್ಟಿ ವಾಲ್ವ್‌ನಿಂದಲೇ. ಅದನ್ನು ಮುಚ್ಚಿದರೆ ಒತ್ತಡವೆಲ್ಲ ಟ್ಯಾಂಕಿನ ಮೇಲೆ ಬೀಳುತ್ತದೆ. ನೀರು ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಅದು ಸಹಜ, ಒಂದು ಸಣ್ಣ ಪೈಪು ಹಾಕಿ ಮೋರಿಗೆ ಬಿಡಿ. ಗೀಸರ್ ಆರಿಸಿದ್ದರೂ ಇಡೀ ದಿನ ತೊಟ್ಟಿಕ್ಕಿದರೆ ವಾಲ್ವ್‌ನೊಳಗೆ ಸುಣ್ಣ ಕೂತಿದೆ ಎಂದು ತಿಳಿದು ಅದನ್ನು ಬದಲಿಸಿ.

ಪ್ರಶ್ನೆ: ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ನಿನ್ನೆ ಬೆಳಿಗ್ಗೆ ಗೀಸರ್ ಹಾಕಿ ಒಂದೂವರೆ ಗಂಟೆಯಾದರೂ ದೀಪ ಆರಲಿಲ್ಲ. ಒಳಗೆ ಕುದಿಯುವ ಸದ್ದು ಬಂತು, ನಲ್ಲಿ ತಿರುಗಿಸಿದಾಗ ನೀರಿನ ಬದಲು ಹಬೆ ನುಗ್ಗಿತು. ಹೆದರಿ ಆರಿಸಿದೆವು. ಮೆಕ್ಯಾನಿಕ್ ಕಟ್‌ಔಟ್ ತೆಗೆದು ನೇರ ಜೋಡಿಸಿಕೊಡುತ್ತೇನೆ, ನಿಗಾ ಇಟ್ಟು ಬಳಸಿ ಎನ್ನುತ್ತಾರೆ.

ಉತ್ತರ: ಆರಿಸಿದ್ದು ಸರಿ, ನಲ್ಲಿ ತಿರುಗಿಸಿದ್ದು ಅಪಾಯಕಾರಿಯಾಗಿತ್ತು. 2000 ವಾಟಿನ ಗೀಸರ್ 25 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 35 ನಿಮಿಷ ಸಾಕು. ಬೆಳಗಿನ ತಣ್ಣೀರನ್ನು ಲೆಕ್ಕಕ್ಕೆ ಹಿಡಿದರೂ ಒಂದು ಗಂಟೆ ಮೀರಿ ದೀಪ ಉರಿಯುತ್ತಿದ್ದರೆ, ನೀರು ಸಾಕಷ್ಟು ಕಾದಾಗ ವಿದ್ಯುತ್ತು ಕಡಿಯಬೇಕಾದ ಥರ್ಮೋಸ್ಟಾಟ್ ಅಂಟಿಕೊಂಡಿದೆ ಎಂದೇ ತಿಳಿಯಬೇಕು. ದೀಪ ಹೊತ್ತಿಗೆ ಸರಿಯಾಗಿ ಆರುತ್ತಿದ್ದು ಒಳಗೆ ಚಟಪಟ ಸದ್ದು ಮಾತ್ರ ಬಂದರೆ ಅದು ಸಾಮಾನ್ಯವಾಗಿ ಕಾಯಿಲ್‌ಗೆ ಕಟ್ಟಿದ ಸುಣ್ಣದ ಸದ್ದು, ತೊಳೆಸಿದರೆ ಹೋಗುತ್ತದೆ. ನಿಮ್ಮಲ್ಲಿ ಹಬೆ ಬಂದಿದೆ. ಥರ್ಮೋಸ್ಟಾಟ್ ಕೆಟ್ಟಾಗ ಕುದಿಯುವುದಕ್ಕೆ ಮೊದಲೇ ವಿದ್ಯುತ್ತು ಕಡಿಯಲೆಂದು ಇರುವುದೇ ಕಟ್‌ಔಟ್. ಹಬೆಯಾಗುವವರೆಗೆ ಅದು ಸುಮ್ಮನಿತ್ತೆಂದರೆ ಅದೂ ಕೆಟ್ಟಿದೆ, ಅಥವಾ ಈ ಹಿಂದೆಯೇ ಯಾರೋ ಅದನ್ನು ನೇರ ಜೋಡಿಸಿದ್ದಾರೆ. ಅದನ್ನೇ ಮತ್ತೆ ಮಾಡುತ್ತೇನೆ ಎನ್ನುವವರಿಂದ ರಿಪೇರಿ ಮಾಡಿಸಬೇಡಿ. ನಿಗಾ ಇಡುತ್ತೇವೆ ಎಂದುಕೊಂಡವರಿಗೂ ಮಗುವನ್ನು ಶಾಲೆಗೆ ಹೊರಡಿಸುವ ಗಡಿಬಿಡಿಯಲ್ಲಿ ಗೀಸರ್ ಮರೆತುಹೋಗುತ್ತದೆ, ಬದಲಿ ಕಾವಲುಗಾರನಾಗಿ ಮನುಷ್ಯನ ನೆನಪನ್ನು ಇಲ್ಲಿ ನೆಚ್ಚುವಂತಿಲ್ಲ.

ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ನೀರಾಗಿಯೇ ಇರಬಲ್ಲದು. ಎಲ್ಲಾದರೂ ಒಂದು ದಾರಿ ತೆರೆದೊಡನೆ ಅದರ ಒಂದು ಪಾಲು ತಟ್ಟನೆ ಹಬೆಯಾಗುತ್ತದೆ. ಹಬೆ ನೀರಿಗಿಂತ ಸುಮಾರು 1600 ಪಟ್ಟು ಜಾಗ ಬೇಡುತ್ತದೆ. ಗೀಸರುಗಳು ಸಿಡಿಯುವುದೂ, ನಲ್ಲಿಯ ಬಳಿ ನಿಂತವರ ಮುಖ ಬೇಯುವುದೂ ಹೀಗೆ. ಇಂಥ ಸದ್ದು ಮತ್ತೆ ಕೇಳಿದರೆ ಬಚ್ಚಲುಮನೆಗೆ ಹೋಗದೆ ಮೀಟರ್ ಬೋರ್ಡಿನಲ್ಲೇ ಮೇನ್ ಇಳಿಸಿ, ಬಾಗಿಲು ಎಳೆದುಕೊಂಡು ಮನೆಯವರನ್ನು ದೂರ ಇರಿಸಿ. ಬಿಸಿನೀರಿನ ನಲ್ಲಿ, ವಾಲ್ವ್‌ನ ಸಣ್ಣ ಹಿಡಿ ಯಾವುದನ್ನೂ ಮುಟ್ಟಬೇಡಿ. ಟ್ಯಾಂಕಿನ ಸುತ್ತ ಶಾಖ ಹಿಡಿದಿಡುವ ಪದರ ಇರುವುದರಿಂದ ನೀರು ತಣಿಯಲು ಬಹಳ ಹೊತ್ತು ಬೇಕು, ಬಿಚ್ಚುವ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಳ್ಳುವುದು ವಾಸಿ. ಥರ್ಮೋಸ್ಟಾಟ್, ಕಟ್‌ಔಟ್, ಸೇಫ್ಟಿ ವಾಲ್ವ್ ಮೂರನ್ನೂ ಒಟ್ಟಿಗೆ ಹೊಸದಾಗಿ ಹಾಕಿಸಿ. ಟ್ಯಾಂಕಿಗೇ ತುಕ್ಕು ಹಿಡಿದು ನೀರು ಕೆಂಪಾಗಿ ಬರುತ್ತಿದ್ದರೆ ಅದಕ್ಕೆ ಹಣ ಹಾಕದೆ ಐಎಸ್‌ಐ ಗುರುತಿನ ಹೊಸ ಗೀಸರ್ ಕೊಳ್ಳಿ.

ಪ್ರಶ್ನೆ: ತಿಪಟೂರಿನಲ್ಲಿ ಬಾಡಿಗೆ ಮನೆ. ಬಚ್ಚಲುಮನೆಯ ಒಳಗೇ ಗ್ಯಾಸ್ ಗೀಸರ್ ಇದೆ. ಈಚೆಗೆ ಅದರ ಉರಿ ಹಳದಿಯಾಗಿದೆ, ಮೇಲೆ ಮಸಿ ಹಿಡಿಯುತ್ತಿದೆ. ಸ್ನಾನ ಮಾಡಿ ಬಂದಾಗಲೆಲ್ಲ ಮಗಳು ತಲೆನೋವು, ವಾಕರಿಕೆ ಎನ್ನುತ್ತಾಳೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸಾಕೇ?

ಉತ್ತರ: ಸಾಲದು. ಮಗಳ ತಲೆನೋವು ಕಾರ್ಬನ್ ಮಾನಾಕ್ಸೈಡ್‌ನಿಂದ ಬಂದಿರುವ ಸಾಧ್ಯತೆ ಬಲವಾಗಿದೆ. ಅನಿಲ ಪೂರ್ತಿ ಉರಿದರೆ ಉರಿ ನೀಲಿಯಾಗಿರುತ್ತದೆ. ಗಾಳಿ ಸಾಲದೆ ಅರೆಬರೆ ಉರಿದಾಗ ಅದು ಹಳದಿಗೆ ತಿರುಗಿ ಈ ವಿಷಾನಿಲ ಹುಟ್ಟುತ್ತದೆ. ಸಿಲಿಂಡರಿನ ಅನಿಲ ಸೋರಿದರೆ ತಿಳಿಯಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ, ಆದರೆ ಈ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ; ಹಾಗಾಗಿ ಮುಚ್ಚಿದ ಬಾಗಿಲ ಹಿಂದೆ ಸ್ನಾನ ಮಾಡುತ್ತಿರುವವರಿಗೆ ಎದ್ದು ಹೊರಬರಲು ಶಕ್ತಿಯೇ ಇಲ್ಲದಂತಾಗುತ್ತದೆ. ಫ್ಯಾನ್ ತಪ್ಪು ಜಾಗದಲ್ಲಿದ್ದರೆ ಹೊರಹೋಗಬೇಕಾದ ಹೊಗೆಯನ್ನೇ ಒಳಕ್ಕೆ ಎಳೆದುಕೊಳ್ಳಲೂಬಹುದು. ಇಂದೇ ರೆಗ್ಯುಲೇಟರ್ ಮುಚ್ಚಿ, ಗೀಸರ್ ಮತ್ತು ಸಿಲಿಂಡರ್ ಎರಡನ್ನೂ ಗಾಳಿ ಆಡುವ ಹೊರಗೋಡೆಗೆ ಸ್ಥಳಾಂತರಿಸಿ ಒಳಗೆ ಬಿಸಿನೀರಿನ ಪೈಪು ಮಾತ್ರ ಬರುವಂತೆ ಮಾಡಿಕೊಡಬೇಕೆಂದು ಮನೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಬರ್ನರ್ ಶುಚಿ ಮಾಡಿಸಿ ನೀಲಿ ಉರಿ ಬಂದ ಮೇಲೂ ಅದನ್ನು ಬಚ್ಚಲುಮನೆಯೊಳಗೆ ಬಳಸಕೂಡದು.

ಯಾರಾದರೂ ಒಳಗೆ ಕುಸಿದಿದ್ದರೆ ಬಾಗಿಲು ಒಡೆದು, ಉಸಿರು ಹಿಡಿದು ಅವರನ್ನು ಹೊರಗಿನ ಗಾಳಿಗೆ ಎಳೆದು ತಂದು 108ಕ್ಕೆ ಕರೆ ಮಾಡಿ. ಮಗಳನ್ನಂತೂ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಗ್ಯಾಸ್ ಗೀಸರ್ ಇದೆ ಎಂಬುದನ್ನು ನೀವಾಗಿಯೇ ಹೇಳಿ. ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಸಾಧನ ಈ ವಿಷಾನಿಲವನ್ನು ಆಮ್ಲಜನಕದಿಂದ ಬೇರ್ಪಡಿಸಿ ಗುರುತಿಸದೆ ಎಲ್ಲವೂ ಸರಿಯಿದೆ ಎಂಬಂತೆ ತೋರಿಸಬಹುದು. ಗೀಸರಿನ ವಿಷಯ ತಿಳಿದರೆ ಅವರು ಬೇರೆ ರಕ್ತಪರೀಕ್ಷೆ ಮಾಡಿಸುತ್ತಾರೆ.