ಶಾಸಕರಿಗೆ ಬರೆಯಿರಿ, ಆದರೆ ಸರತಿ ಬಗ್ಗೆ ಅಲ್ಲ

ಓದುಗರ ಪತ್ರ (ಸಂಕ್ಷಿಪ್ತವಾಗಿ): ನಾನು ಹೈಸ್ಕೂಲ್ ಟೀಚರ್. ಮಗುವನ್ನು ದತ್ತು ಪಡೆಯಲು ನಾವು ಹೆಸರು ನೋಂದಾಯಿಸಿ ಮೂರು ವರ್ಷ ದಾಟಿತು. ಸರತಿ ಬಂದಿಲ್ಲ. ನಮ್ಮ ಶಾಲೆಗೇ ಬಾಲಮಂದಿರದ ಮಕ್ಕಳು ಬರುತ್ತಾರೆ. ಅವರಿಗೆ ಮನೆಯಿಲ್ಲ, ನಮ್ಮ ಮನೆಯಲ್ಲಿ ಮಕ್ಕಳಿಲ್ಲ. ನೆಂಟರೊಬ್ಬರು 'ದುಡ್ಡು ಕೊಟ್ಟರೆ ನರ್ಸಿಂಗ್ ಹೋಮಿನಿಂದ ಮಗು ಕೊಡಿಸ್ತೀನಿ, ದತ್ತುಪತ್ರ ರಿಜಿಸ್ಟರ್ ಮಾಡಿಸಿದರೆ ಆಯ್ತು' ಅನ್ನುತ್ತಾರೆ. ದತ್ತು ಕಾನೂನು ಸಡಿಲ ಮಾಡಿ ಅಂತ ನಮ್ಮ ಶಾಸಕರಿಗೆ ಬರೆಯೋಣ ಅಂದುಕೊಂಡಿದ್ದೇನೆ. ಬರೆದರೆ ಪ್ರಯೋಜನ ಇದೆಯಾ? (ಹೆಸರು ಬೇಡ)

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ಮೊದಲು ನೆಂಟರ ಮಾತು. ಬೇಡವೇ ಬೇಡ. ಮಗುವನ್ನು ಮಾರುವುದೂ ಕೊಳ್ಳುವುದೂ ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡದ ಅಪರಾಧ. ಸಬ್ ರಿಜಿಸ್ಟ್ರಾರ್ ಕಚೇರಿಯ ಮೊಹರು ಬಿದ್ದ ಮಾತ್ರಕ್ಕೆ ಅದು ದತ್ತು ಆಗಿಬಿಡುವುದಿಲ್ಲ.

ಇನ್ನು ಶಾಸಕರಿಗೆ ಖಂಡಿತ ಬರೆಯಿರಿ. ಆದರೆ 'ಕಾನೂನು ಸಡಿಲ ಮಾಡಿ' ಅಂತ ಬರೆದರೆ 'ಅದು ಕೇಂದ್ರದ್ದು, ನಮ್ಮ ಕೈಲಿಲ್ಲ' ಅಂತ ಅವರು ಕೈತೊಳೆದುಕೊಳ್ಳುತ್ತಾರೆ. ಅರ್ಧ ನಿಜವೂ ಹೌದು. 2015ರ ಬಾಲನ್ಯಾಯ ಕಾಯ್ದೆ ಮಾಡಿದ್ದು ಸಂಸತ್ತು. ನಿಮ್ಮ ಸರತಿ ನೋಡಿಕೊಳ್ಳುವ ಕೇಂದ್ರದ ದತ್ತು ಪ್ರಾಧಿಕಾರ 'ಕಾರಾ' ಇರುವುದು ದೆಹಲಿಯಲ್ಲಿ. ದತ್ತು ಆದೇಶ ಕೊಡುವ ಅಧಿಕಾರ 2021ರ ತಿದ್ದುಪಡಿಯಲ್ಲಿ ಕೋರ್ಟಿನಿಂದ ಜಿಲ್ಲಾಧಿಕಾರಿಗೆ ಬಂತು. ಅದು ಕೊನೆಯ ಮೆಟ್ಟಿಲು. ನೀವು ನಿಂತಿರುವುದು ಮೊದಲನೆಯದರಲ್ಲಿ.

ದೇಶದಲ್ಲಿ 2024-25ರಲ್ಲಿ 4,515 ಮಕ್ಕಳು ದತ್ತು ಹೋದರು. ಕಾಯುತ್ತಿರುವ ಪೋಷಕರು 30 ಸಾವಿರಕ್ಕೂ ಜಾಸ್ತಿ. ಅವರಲ್ಲಿ ಬಹಳಷ್ಟು ಜನರಿಗೆ ಎಳೆ ಮಗುವೇ ಬೇಕು. ಕಾನೂನು ಎಷ್ಟು ಸಡಿಲಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಅದರ ಲಾಭ ಆಗುವುದು ನಿಮ್ಮ ನೆಂಟರಿಗೆ ಪರಿಚಯ ಇರುವಂಥವರಿಗೆ. ಹಾಗಾಗಿ ಪತ್ರದಲ್ಲಿ ನಿಮ್ಮ ಸರತಿಯ ಮಾತು ಬಿಡಿ. ಶಾಲೆಗೆ ಬರುವ ಆ ಮಕ್ಕಳ ಬಗ್ಗೆ ಬರೆಯಿರಿ.

ಬಾಲಮಂದಿರದಲ್ಲಿ ಇರುವವರೆಲ್ಲ ಅನಾಥರಲ್ಲ, ಟೀಚರ್ ಆದ ನಿಮಗೆ ಇದು ಗೊತ್ತೇ ಇರುತ್ತದೆ. ಒಬ್ಬಳ ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮಗು ನೋಡಿಕೊಳ್ಳೋರಿಲ್ಲ ಅಂತ ತಂದು ಬಿಟ್ಟಿರುತ್ತಾಳೆ, ಹಬ್ಬಕ್ಕೆ ಬಂದು ಮುಖ ನೋಡಿ ಹೋಗುತ್ತಾಳೆ. ಇಂಥ ಮಗುವಿಗೆ ಬೇಕಾಗಿರುವುದು ನೀವೂ ಅಲ್ಲ, ನಾನೂ ಅಲ್ಲ. ಅದರ ಅಮ್ಮನಿಗೆ ಒಂದಿಷ್ಟು ಆಸರೆ ಬೇಕು. ಮಕ್ಕಳ ರಕ್ಷಣೆಗೆ ಕೇಂದ್ರ ತಂದಿರುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಕೊಡಲು ಅವಕಾಶ ಇದೆ. ಆ ದುಡ್ಡು ತಪ್ಪದೆ ಬಂದರೆ ಎಷ್ಟೋ ಮಕ್ಕಳು ಮನೆಯಲ್ಲೇ ಬೆಳೆಯುತ್ತಾರೆ. ಸುಧಾರಣೆ ಅಂದರೆ ನನ್ನ ಲೆಕ್ಕದಲ್ಲಿ ಮೊದಲು ಇದು. ಸಂತಾನವಿಲ್ಲದವರಿಗೆ ಮಗು ಹುಡುಕಿಕೊಡುವುದು ಆಮೇಲಿನ ಮಾತು. ಕಾಯುತ್ತಿರುವ ನಿಮಗೆ ಇದು ಒರಟಾಗಿ ಕೇಳಿಸಬಹುದು, ಬೇಸರ ಮಾಡಿಕೊಳ್ಳಬೇಡಿ.

ಇನ್ನೂ ಕೆಲವರಿಗೆ ಅಪ್ಪ ಅಮ್ಮ ಇದ್ದೂ ಇಲ್ಲ. ಕಾಗದದಲ್ಲಿ ಹೆಸರಿದೆ, ವರ್ಷಗಟ್ಟಲೆ ಯಾರೂ ಬಂದಿಲ್ಲ. ಇವರಿಗಾಗಿ ಇರುವುದು ಫಾಸ್ಟರ್ ಕೇರ್. ಮಗು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ, ಕಾನೂನಿನಲ್ಲಿ ನಿಮ್ಮದಾಗಿರುವುದಿಲ್ಲ. 2024ರಲ್ಲಿ ಕೇಂದ್ರ ಇದರ ಮಾರ್ಗಸೂಚಿ ಬದಲಿಸಿತು. ಆರು ವರ್ಷ ದಾಟಿದ ಮಕ್ಕಳಿಗೆ ಇದು ಅನ್ವಯ. ಮದುವೆಯಾಗದವರು, ವಿಧವೆಯರು, ವಿಚ್ಛೇದಿತರೂ ಮುಂದೆ ಬರಬಹುದು. ಮೊದಲು ಐದು ವರ್ಷ ಸಾಕಿದ ಮೇಲೆ ದತ್ತು ಕೇಳಬಹುದಿತ್ತು, ಈಗ ಎರಡೇ ವರ್ಷ. ಆದರೆ ಮಗುವನ್ನು ದತ್ತು ಕೊಡಬಹುದು ಅಂತ ಕಾನೂನು ಪ್ರಕಾರ ಘೋಷಣೆ ಆಗಿರಬೇಕು. ಇಷ್ಟು ಒಳ್ಳೆಯ ದಾರಿ ಇದ್ದೂ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ಹೆಸರೇ ಕೇಳಿರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡು, ಶಾಲೆ ಪೋಷಕರ ಸಭೆಯಲ್ಲಿ ಐದು ನಿಮಿಷದ ಮಾತು, ಇಷ್ಟಕ್ಕೂ ಯಾರಿಗೂ ಪುರುಸೊತ್ತಿಲ್ಲ.

ಈಗ ಕಡತದ ವಿಷಯ. ನಿಜವಾದ ತಡ ಇರುವುದು ಇಲ್ಲಿ. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಅಂಚೆಚೀಟಿ ಗಾತ್ರದ ಫೋಟೊ ಹಾಕಿ ಪೋಷಕರ ಪತ್ತೆಗೆ ಕೋರುವ ಪ್ರಕಟಣೆ ನೋಡಿರುತ್ತೀರಿ. 'ಗೋಧಿ ಮೈಬಣ್ಣ, ದುಂಡು ಮುಖ, ಹಸಿರು ಫ್ರಾಕ್ ಧರಿಸಿರುತ್ತಾಳೆ, ಸಂಬಂಧಪಟ್ಟವರು ಸಂಪರ್ಕಿಸಿ' ಅಂತ ಇರುತ್ತದಲ್ಲ, ಅದೇ. ಯಾರೂ ಬರದಿದ್ದರೆ ಎರಡು ವರ್ಷದೊಳಗಿನ ಮಗುವನ್ನು ಎರಡು ತಿಂಗಳಲ್ಲಿ, ದೊಡ್ಡ ಮಗುವನ್ನು ನಾಲ್ಕು ತಿಂಗಳಲ್ಲಿ ದತ್ತಿಗೆ ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಬೇಕು. ಸಮಿತಿ ಅಂದರೆ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರು. ಈ ತೀರ್ಮಾನಕ್ಕೆ ಕನಿಷ್ಠ ಮೂವರು ಬೇಕು. ಎರಡಕ್ಕಿಂತ ಹೆಚ್ಚು ಸ್ಥಾನ ಖಾಲಿ ಬಿದ್ದರೆ ಕಡತ ಅಲ್ಲೇ ಕೂತಿತು. ಮಗು ಮಾತ್ರ ಬೆಳೆಯುತ್ತಲೇ ಇರುತ್ತದೆ. ಒಂದೂವರೆ ವರ್ಷದ್ದು ನಾಲ್ಕು ವರ್ಷದ್ದಾದ ಮೇಲೆ ಕೇಳುವವರು ಕಡಿಮೆ. ಸಮಿತಿ ನೇಮಕ ಮಾಡುವುದು ರಾಜ್ಯ ಸರ್ಕಾರ. ಇದು ದೆಹಲಿಯ ಕೆಲಸ ಅಲ್ಲ, ಶಾಸಕರು ನುಣುಚಿಕೊಳ್ಳುವಂತಿಲ್ಲ.

ನಮ್ಮ ಜನಪ್ರತಿನಿಧಿಗಳು ಬಾಲಮಂದಿರಕ್ಕೆ ಹೋಗುವುದೇ ಇಲ್ಲ ಅನ್ನುವಂತಿಲ್ಲ. ಹುಟ್ಟುಹಬ್ಬಕ್ಕೆ ಹೋಗುತ್ತಾರೆ. ಹಣ್ಣು, ಬ್ರೆಡ್ಡು, ಕಂಬಳಿ, ಫೋಟೊ. ಆ ಫೋಟೊಗಳು ನಮ್ಮ ಕಚೇರಿಗೂ ಬರುತ್ತವೆ, ನಾವು ಹಾಕುವುದಿಲ್ಲ. ಇಂಥ ಮಕ್ಕಳ ಗುರುತು ಸಿಗುವಂಥ ಚಿತ್ರ ಸುಮ್ನೆ ಪ್ರಕಟಿಸುವುದು ಅದೇ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನಿನಲ್ಲಿ ಅಪರಾಧ. ಕಂಬಳಿ ಕೊಡಲಿ, ಬೇಡ ಅನ್ನುವವರು ಯಾರು? ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಲಿ ಅಷ್ಟೇ.

ನಿಮ್ಮ ಪತ್ರ ಒಂದು ಪುಟ ಮೀರದಿರಲಿ. ಕಷ್ಟಸುಖ ಎರಡು ಸಾಲು ಸಾಕು. ಆಮೇಲೆ ನೇರ ಕೇಳಿ: ನಮ್ಮ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಎಷ್ಟು ಸ್ಥಾನ ಖಾಲಿ ಇವೆ, ಎಂದಿನಿಂದ? ಒಂದು ವರ್ಷದಿಂದ ಯಾರೂ ನೋಡಲು ಬಾರದ ಮಕ್ಕಳು ಎಷ್ಟು, ಅವರ ಕಡತ ಯಾವ ಹಂತದಲ್ಲಿದೆ? ಪ್ರಾಯೋಜಕತ್ವದ ಹಣ ಕೊನೆಯ ಬಾರಿ ಬಿಡುಗಡೆ ಆಗಿದ್ದು ಯಾವಾಗ? ಫಾಸ್ಟರ್ ಕೇರ್ ಕುಟುಂಬಗಳು ಜಿಲ್ಲೆಯಲ್ಲಿ ಎಷ್ಟಿವೆ? ಇವನ್ನು ಸದನದಲ್ಲಿ ಲಿಖಿತ ಪ್ರಶ್ನೆಯಾಗಿ ಕೇಳಿ ಅಂತ ಕೋರಿ. ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ, ಲಿಖಿತ ಪ್ರಶ್ನೆಗೆ ಮಂತ್ರಿಗಳು ಅಂಕಿ ಸಮೇತ ಉತ್ತರ ಕೊಡಬೇಕಾಗುತ್ತದೆ. ಆ ಅಂಕಿಗಾಗಿ ಇಲಾಖೆ ಜಿಲ್ಲೆಗೆ ಬರೆಯುತ್ತದೆ, ಜಿಲ್ಲೆಯವರು ಕಡತದ ಧೂಳು ಕೊಡವುತ್ತಾರೆ. ಎಷ್ಟೋ ಸಲ ಅಷ್ಟಕ್ಕೇ ಕಡತ ಒಂದು ಮೇಜು ಮುಂದೆ ಹೋಗಿರುತ್ತದೆ.

ಸಂಸದರಿಗೆ ಬೇರೆಯೇ ಪತ್ರ ಬರೆಯಿರಿ. 1956ರ ಹಿಂದೂ ದತ್ತಕ ಕಾಯ್ದೆ ಒಂದು ಕಡೆ, ಎಲ್ಲ ಧರ್ಮದವರಿಗೂ ಇರುವ ಬಾಲನ್ಯಾಯ ಕಾಯ್ದೆ ಇನ್ನೊಂದು ಕಡೆ. ನಿಮ್ಮ ನೆಂಟರು ಹೇಳಿದ 'ದತ್ತುಪತ್ರ'ದ ಆಟ ನಡೆಯುವುದು ಈ ಎರಡರ ಸಂದಿಯಲ್ಲಿ. ಇವೆರಡನ್ನೂ ಹೊಂದಿಸಿ ಒಂದೇ ಕಾನೂನು ತನ್ನಿ ಅಂತ ಸಂಸದೀಯ ಸ್ಥಾಯಿ ಸಮಿತಿ 2022ರಲ್ಲೇ ಹೇಳಿದೆ. ಅದು ಏನಾಯಿತು ಅಂತ ಕೇಳಲಿ.

ನಿಮ್ಮ ಸಂಗತಿಗೆ ಬಂದರೆ, ದತ್ತು ನೋಂದಣಿ ಇದ್ದ ಹಾಗೇ ಇರಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಫಾಸ್ಟರ್ ಕೇರ್ ಬಗ್ಗೆ ವಿಚಾರಿಸಿ. ಯಜಮಾನರನ್ನೂ ಕರೆದುಕೊಂಡು ಹೋಗಿ, ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಮಗುವಿನ ಅಮ್ಮ ಮುಂದೊಂದು ದಿನ ವಾಪಸ್ ಬಂದರೆ ಏನು ಮಾಡುತ್ತೀರಿ ಅನ್ನುವುದನ್ನು ಹೋಗುವ ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಶಾಸಕರಿಂದ ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ನಿಮ್ಮ ಹೆಸರು ಬಿಟ್ಟು ಪ್ರಕಟಿಸುತ್ತೇವೆ.