ಮಿಶ್ರತಳಿ ಹಂದಿಯ ಮಾಂಸ ನೀರು ಬಿಡುವುದೇಕೆ?

ಪ್ರಶ್ನೆ: ಸರ್, ನಮ್ಮ ಹೆಣ್ಣು ಹಂದಿಗಳು ಲ್ಯಾಂಡ್‌ರೇಸ್ ಮತ್ತು ಲಾರ್ಜ್ ವೈಟ್ ಯಾರ್ಕ್‌ಶೈರ್ ಮಿಶ್ರತಳಿ. ಅವಕ್ಕೆ ಒಳ್ಳೆ ಮೈಕಟ್ಟಿನ ಪಿಯೆಟ್ರೇನ್ ಗಂಡು ತಂದು ಕ್ರಾಸ್ ಮಾಡಿಸಿದೆವು. ಮರಿಗಳು ಚೆನ್ನಾಗಿ ಬೆಳೆದವು. ಆದರೆ ಕೆಲವು ಹಂದಿಗಳ ಮಾಂಸ ಬಿಳಿಚಿಕೊಂಡಿರುತ್ತದೆ, ಮೆತ್ತಗಿರುತ್ತದೆ, ನೀರು ಬಿಡುತ್ತದೆ. ಮಿಶ್ರತಳಿ ಅಂದರೆ ಎಲ್ಲ ಗುಣವೂ ಸುಧಾರಿಸಬೇಕಲ್ವಾ? ಇದು ಮೇವಿನ ದೋಷವೇ?

ಉತ್ತರ: ಮರಿಗಳು ಚೆನ್ನಾಗಿ ಬೆಳೆದಿವೆ ಅಂದಮೇಲೆ ಮೇವಿನ ಮಾತು ಸದ್ಯಕ್ಕೆ ಬೇಡ. ನನಗೆ ಮೊದಲು ಅನುಮಾನ ಬರುವುದು ಗಂಡಿನ ಮೇಲೆ.

ಪಿಯೆಟ್ರೇನ್ ತಳಿಯಲ್ಲಿ ಹ್ಯಾಲೋಥೇನ್ ಜೀನ್ ಅನ್ನುವ ದೋಷ ಹಿಂದಿನಿಂದಲೂ ಜಾಸ್ತಿ. ಸ್ನಾಯು ಕೆಲಸ ಮಾಡಬೇಕಾದರೆ ಜೀವಕೋಶದ ಒಳಗೆ ಕ್ಯಾಲ್ಸಿಯಂ ಹರಿಯಬೇಕು, ಕೆಲಸ ಮುಗಿದಾಗ ನಿಲ್ಲಬೇಕು. ಆ ಹರಿವನ್ನು ನಿಯಂತ್ರಿಸುವ ಪ್ರೋಟೀನಿನ ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಇದು ಗೊತ್ತಾದದ್ದು 1991ರಲ್ಲಿ. ದೋಷವಿರುವ ಹಂದಿ ಗಾಬರಿಯಾದರೆ ಕ್ಯಾಲ್ಸಿಯಂ ಸೋರುತ್ತಲೇ ಇರುತ್ತದೆ. ಸ್ನಾಯು ತನ್ನಲ್ಲಿರುವ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಅನ್ನು ಗಡಿಬಿಡಿಯಲ್ಲಿ ಕರಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿಬಿಡುತ್ತದೆ. ಸಾಮಾನ್ಯವಾಗಿ ಕೊಯ್ದ ಮೇಲೆ ಮಾಂಸದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 7ರ ಹತ್ತಿರದಿಂದ ನಿಧಾನಕ್ಕೆ ಇಳಿದು ಒಂದು ದಿನದ ಹೊತ್ತಿಗೆ 5.6ರ ಆಸುಪಾಸಿಗೆ ಬರುತ್ತದೆ. ಇಲ್ಲಿ ಮುಕ್ಕಾಲು ಗಂಟೆಯಲ್ಲೇ 6ಕ್ಕಿಂತ ಕೆಳಗೆ ಹೋಗುತ್ತದೆ. ಮಾಂಸ ಇನ್ನೂ ಬಿಸಿ, ಜೊತೆಗೆ ಆಮ್ಲ. ಎರಡೂ ಸೇರಿ ಪ್ರೋಟೀನ್ ಕೆಡುತ್ತದೆ, ನೀರು ಹಿಡಿದಿಡುವ ಶಕ್ತಿ ಹೋಗುತ್ತದೆ. ನೀವು ನೋಡುತ್ತಿರುವುದು ಅದನ್ನೇ ಇರಬೇಕು.

ಅಪ್ಪ ಅಮ್ಮ ಇಬ್ಬರಿಂದಲೂ ಈ ಜೀನ್ ಬಂದ ಹಂದಿ ಸಾಗಣೆಯ ಒತ್ತಡಕ್ಕೇ ಸಾಯಬಹುದು. ಒಂದೇ ಪ್ರತಿ ಬಂದರೆ ಹಂದಿ ಗಟ್ಟಿಯಾಗಿಯೇ ಕಾಣುತ್ತದೆ, ಮಾಂಸವೂ ತುಸು ಜಾಸ್ತಿ ಸಿಗುತ್ತದೆ. ಅದಕ್ಕೇ ಕೆಲವರು ಬೇಕೆಂದೇ ಇಂಥ ಗಂಡು ಇಟ್ಟುಕೊಳ್ಳುತ್ತಿದ್ದರು. ಆದರೆ ಮಾಂಸದ ಗುಣ ಆಗಲೂ ಒಂದಿಷ್ಟು ಕೆಡುತ್ತದೆ. ನನ್ನ ಪ್ರಕಾರ ಆ ವ್ಯಾಪಾರ ಬೇಡವೇ ಬೇಡ. ಹಂದಿಗೂ ಹಿಂಸೆ, ತಿನ್ನುವವರಿಗೂ ಮೋಸ.

ಗಂಡಿನ ಕೂದಲಿನ ಬುಡ ಅಥವಾ ರಕ್ತದಿಂದ ಡಿಎನ್‌ಎ ಪರೀಕ್ಷೆ ಮಾಡಿಸಿ. ಅದರಲ್ಲಿ ಎರಡು ಪ್ರತಿ ಇದ್ದರೆ ಎಲ್ಲ ಮರಿಗಳಿಗೂ ಒಂದೊಂದು ಹೋಗಿರುತ್ತದೆ. ಒಂದಿದ್ದರೆ ಸರಾಸರಿ ಅರ್ಧದಷ್ಟು ಮರಿಗಳಿಗೆ. ಹೆಣ್ಣುಗಳನ್ನೂ ನೋಡಿಸಿ, ಯಾಕೆಂದರೆ ಲ್ಯಾಂಡ್‌ರೇಸ್‌ನ ಕೆಲವು ವಂಶಸಾಲುಗಳಲ್ಲೂ ಇದು ಇತ್ತು. ಈ ದೋಷ ತೆಗೆದ ಪಿಯೆಟ್ರೇನ್ ಸಾಲುಗಳೂ ಇವೆ, ತಳಿಯನ್ನೇ ಬಿಡಬೇಕಾಗಿಲ್ಲ.

ವರದಿಯಲ್ಲಿ ದೋಷ ಇಲ್ಲ ಅಂತ ಬಂದರೆ? ಆಗ ಹಂದಿಗಳನ್ನು ಸಾಗಿಸಿದ ರೀತಿ ನೋಡಿ. ಹೊಡೆದು ಓಡಿಸಿದರೆ, ಪರಿಚಯವಿಲ್ಲದ ಹಂದಿಗಳ ಜೊತೆ ತುಂಬಿದರೆ, ಕೊಯ್ದ ಮೇಲೆ ತಣಿಸಲು ತಡ ಮಾಡಿದರೆ ಒಳ್ಳೆ ಜೀನ್ ಇದ್ದರೂ ಮಾಂಸ ಹೀಗಾಗುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಮಿಶ್ರತಳಿಯ ಹುರುಪು ಎಲ್ಲ ಗುಣಕ್ಕೂ ಒಂದೇ ಥರ ಸಿಗುವುದಿಲ್ಲ. ಮರಿಗಳ ಸಂಖ್ಯೆ, ಬದುಕುಳಿಯುವುದು, ಬೆಳವಣಿಗೆ, ಇವುಗಳಲ್ಲಿ ಲಾಭ ಚೆನ್ನಾಗಿ ಕಾಣುತ್ತದೆ. ಮಾಂಸದ ಬಣ್ಣ, ಮೃದುತ್ವ, ಎಳೆಗಳ ನಡುವಿನ ಕೊಬ್ಬು, ಇವು ಹೆಚ್ಚುಕಡಿಮೆ ಅಪ್ಪ ಅಮ್ಮನ ತಳಿಗಳ ನಡುಮಟ್ಟದಲ್ಲೇ ನಿಲ್ಲುತ್ತವೆ. ಹಾಗಾಗಿ ಸುಮ್ನೆ ಬೆರೆಸಿದರೆ ಸಾಲದು, ಯಾವುದನ್ನು ಬೆರೆಸುತ್ತೀರಿ ಅನ್ನುವುದೇ ಮುಖ್ಯ. ಎಳೆಗಳ ನಡುವಿನ ಕೊಬ್ಬು ಒಂದು ಹಂದಿಯಿಂದ ಇನ್ನೊಂದಕ್ಕೆ ಬೇರೆಯಾಗಲು ಸುಮಾರು ಅರ್ಧ ಕಾರಣ ಜೀನ್‌ಗಳೇ. ರುಚಿ, ರಸ ಬೇಕಿದ್ದರೆ ಡ್ಯುರಾಕ್ ಗಂಡು ಒಳ್ಳೆಯ ಆಯ್ಕೆ.

ಹ್ಯಾಂಪ್‌ಶೈರ್ ತರುವ ಯೋಚನೆ ಇದ್ದರೆ ಒಂದು ಮಾತು. ಆ ತಳಿಯಲ್ಲಿ ಸ್ನಾಯುವಿನಲ್ಲಿ ಗ್ಲೈಕೋಜನ್ ವಿಪರೀತ ತುಂಬಿಸುವ ಇನ್ನೊಂದು ಜೀನ್ ಇದೆ. ಒಂದು ಪ್ರತಿ ಬಂದರೂ ಸಾಕು, ಮಾಂಸ ಹೆಚ್ಚು ಹುಳಿಯಾಗಿ ಬೇಯಿಸುವಾಗ ಕುಗ್ಗುತ್ತದೆ. ಅದಕ್ಕೂ ಡಿಎನ್‌ಎ ಪರೀಕ್ಷೆ ಇದೆ.

ಪ್ರಶ್ನೆ: ಮಾಂಸದ ವಿಷಯದಲ್ಲಿ ಅಪ್ಪನ ಗುಣವೇ ಬರುತ್ತದೆ ಅನ್ನುತ್ತಾರೆ. ನಿಜವೇ?

ಉತ್ತರ: ಬಹುಪಾಲು ಜೀನ್‌ಗಳಲ್ಲಿ ಹಾಗೇನಿಲ್ಲ, ಇಬ್ಬರದ್ದೂ ಸಮಪಾಲು. ಆದರೆ ಐಜಿಎಫ್2 ಅನ್ನುವ ಜೀನ್ ಬೇರೆ ಥರ. ಸ್ನಾಯುವಿನಲ್ಲಿ ಅಪ್ಪನಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ಅಮ್ಮನದು ಸುಮ್ಮನಿರುತ್ತದೆ. ಇದರ ಒಂದು ರೂಪ ಸ್ನಾಯು ಹೆಚ್ಚಿಸಿ ಬೆನ್ನಿನ ಕೊಬ್ಬು ಇಳಿಸುತ್ತದೆ ಎಂದು 2003ರಲ್ಲಿ ಖಚಿತವಾಯಿತು. ಗಂಡಿನಲ್ಲಿ ಆ ರೂಪದ ಎರಡು ಪ್ರತಿ ಇದ್ದರೆ ಎಲ್ಲ ಮರಿಗಳಲ್ಲೂ ಮಾಂಸ ಹೆಚ್ಚುತ್ತದೆ. ಹೆಣ್ಣುಗಳಲ್ಲಿ ಅದು ಇಲ್ಲದಿದ್ದರೂ ಮರಿಗಳಿಗೆ ನಷ್ಟವಿಲ್ಲ.